ನಾಲ್ಕು ವಾರಕ್ಕೊಂದು ಬ್ರೌಸರ್

ಬೃಂದಾ ಆ ಬ್ರೌಸರನ್ನು ತನ್ನ ಮನೆಯಲ್ಲೇ ಕಟ್ಟತೊಡಗಿ ಎಂಟು ವರ್ಷವಾಗಿತ್ತು. ನಂಜನಗೂಡಿನ ಹೆಣ್ಣುಮಗಳು, ಮದುವೆಯಾಗಿ ಚೆನ್ನೈಗೆ ಬಂದು, ವಿಲ್ಲಿವಾಕ್ಕಂನಲ್ಲಿ ಮನೆ ಮಾಡಿ, ಅಂಬತ್ತೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಬ್ರೌಸರಿಗೂ ಆ ನೌಕರಿಗೂ ಸಂಬಂಧವಿರಲಿಲ್ಲ. ಅದು ಶುರುವಾದದ್ದು ಎಗ್ಮೋರಿನಲ್ಲಿ, ಕಣ್ಣು ಕಾಣದವರಿಗೆ ಕಂಪ್ಯೂಟರ್ ಕಲಿಸುವ ಒಂದು ಸಣ್ಣ ಕೇಂದ್ರದಲ್ಲಿ.

ಭಾನುವಾರಗಳಲ್ಲಿ ಅವಳು ಅಲ್ಲಿ ಪಾಠ ಹೇಳಲು ಹೋಗುತ್ತಿದ್ದಳು. ಯಾರೋ ದಾನ ಕೊಟ್ಟ ಹಳೆಯ ಯಂತ್ರಗಳು, ಅವುಗಳನ್ನು ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಪ್ರೋಗ್ರಾಂ. ಕಲಿಯಲು ಬಂದವರಲ್ಲಿ ಶಂಕರನಾರಾಯಣ ರಾಯರೂ ಒಬ್ಬರು. ಕುಂದಾಪುರದ ಕಡೆಯವರು, ತ್ರಿಪ್ಲಿಕೇನಿನಲ್ಲಿ ನಲವತ್ತು ವರ್ಷ ಮೆಸ್ ನಡೆಸಿದವರು. ಅರವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಪೂರ್ತಿ ಹೋಗಿತ್ತು. ಮೂರನೇ ವಾರವೇ ಅವರೊಂದು ಪ್ರಶ್ನೆ ಹಾಕಿದರು. ಇಂಗ್ಲಿಷನ್ನು ಗಿಣಿಯಂತೆ ಓದುವ ಈ ಯಂತ್ರ ಕನ್ನಡ ಬಂದ ಕೂಡಲೇ ಬಾಯಿ ಮುಚ್ಚಿಕೊಳ್ಳುವುದೇಕೆ?

ಬೃಂದಾ ಹುಡುಕಿದಳು. ಪುಟದ ಯಾವ ಸಾಲು ಯಾವ ಭಾಷೆಯದು ಎಂಬುದನ್ನು ಬ್ರೌಸರು ಓದುವ ಪ್ರೋಗ್ರಾಮಿಗೆ ತಿಳಿಸುತ್ತಲೇ ಇರಲಿಲ್ಲ. ಆ ಬ್ರೌಸರಿನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದದ್ದು. ಅವಳು ಅದನ್ನು ಇಳಿಸಿಕೊಂಡು ನಲವತ್ತು ಸಾಲು ಬದಲಿಸಿ, ಬರಹವನ್ನು ಓಡುವ ಪ್ರೋಗ್ರಾಂ ಆಗಿಸಲು ಕಂಪೈಲ್ ಮಾಡಿದಳು. ಹನ್ನೊಂದು ಗಂಟೆ ಹಿಡಿಯಿತು. ಮುಂದಿನ ಭಾನುವಾರ ರಾಯರು ಕನ್ನಡ ಪತ್ರಿಕೆಯೊಂದರ ಪುಟ ತೆರೆದು, ಮುಖ್ಯ ಸುದ್ದಿಯಿಂದ ಹಿಡಿದು ಶ್ರದ್ಧಾಂಜಲಿಯ ಜಾಹೀರಾತಿನವರೆಗೂ ಕೂತಲ್ಲೇ ಕೇಳಿದರು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಅಂದು ಬೃಂದಾ ಮನೆಗೆ ಹೋದದ್ದು ನೆಲ ಮುಟ್ಟದ ಕಾಲುಗಳಲ್ಲಿ.

ಒಂದು ಸಲ ಕಟ್ಟಿದರೆ ಮುಗಿಯಿತೆಂದು ಅವಳು ತಿಳಿದಿದ್ದಳು. ಆದರೆ ಬ್ರೌಸರ್ ಮಾಡುವವರು ನಾಲ್ಕು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತಿದ್ದರು. ಹಳೆಯದರಲ್ಲಿ ಕಳ್ಳರು ನುಗ್ಗುವ ಕಿಂಡಿಗಳು ಗೊತ್ತಾಗುತ್ತಿದ್ದವು. ಹಾಗೆಂದ ಮೇಲೆ ಅದನ್ನೇ ಬಳಸಿ ಎಂದು ರಾಯರಿಗೆ ಹೇಳುವುದು ಹೇಗೆ? ಹೊಸದು ಬಂದಾಗಲೆಲ್ಲ ಅವಳ ನಲವತ್ತು ಸಾಲುಗಳು ಎಲ್ಲಿಯೋ ಒಂದು ಕಡೆ ಹೊಂದುತ್ತಿರಲಿಲ್ಲ. ಅವರು ಗೋಡೆ ಸರಿಸಿದರೆ ಇವಳು ಬಾಗಿಲು ಸರಿಸಬೇಕು. ನಲವತ್ತು ಸಾಲು ಮುನ್ನೂರಾಯಿತು. ತನ್ನ ತಿದ್ದುಪಡಿಯನ್ನು ನೀವೇ ಸೇರಿಸಿಕೊಳ್ಳಿ ಎಂದು ಅವರಿಗೆ ಕಳಿಸಿಯೂ ಇದ್ದಳು. ಚೆನ್ನಾಗಿದೆ, ತಿದ್ದುಪಡಿ ಸರಿಯಿದೆಯೇ ಎಂದು ನೋಡುವ ಇಂಥಿಂಥ ಪರೀಕ್ಷೆಗಳನ್ನು ಬರೆದು ಕೊಡಿ ಎಂದರು. ಬರೆದು ಕೊಟ್ಟಳು. ಅಷ್ಟರಲ್ಲಿ ಅದನ್ನು ನೋಡುತ್ತಿದ್ದವರು ಕೆಲಸ ಬಿಟ್ಟಿದ್ದರು. ನಾಲ್ಕು ವರ್ಷದಿಂದ ಅದು ಅಲ್ಲೇ ಬಿದ್ದಿತ್ತು.

ಈ ನಡುವೆ ಎಗ್ಮೋರಿನ ಕೇಂದ್ರ ಮುಚ್ಚಿತು. ಬ್ರೌಸರ್ ಮಾತ್ರ ಬಾಯಿಂದ ಬಾಯಿಗೆ ಹಬ್ಬಿ, ಹುಬ್ಬಳ್ಳಿಯ ಒಂದು ಶಾಲೆಗೂ, ತಮಿಳನ್ನೂ ಓದಿಸುತ್ತಿದ್ದರಿಂದ ಮಧುರೈಯ ಒಂದು ಹಾಸ್ಟೆಲಿಗೂ ಹೋಗಿ ಸೇರಿತ್ತು. ಎಲ್ಲ ಸೇರಿ ಐವತ್ತು ಅರವತ್ತು ಜನ ಇದ್ದಾರು. ಹೊಸದು ತಯಾರಾದಾಗಲೆಲ್ಲ ಬೃಂದಾ ಅವರಿಗೆ ಇಮೇಲ್ ಬರೆಯುತ್ತಿದ್ದಳು.

ಈ ವರ್ಷ ಜೂನಿನಲ್ಲಿ ಬಂದ ಆವೃತ್ತಿ ತುರ್ತಿನದು; ದೊಡ್ಡದೊಂದು ಕಿಂಡಿ ಮುಚ್ಚಿದ್ದರು. ಬೃಂದಾ ಸೋಮವಾರ ಬೆಳಿಗ್ಗೆ ಆರಕ್ಕೆ ಕಂಪೈಲಿಗೆ ಹಚ್ಚಿ ಆಫೀಸಿಗೆ ಹೋದಳು. ಸಂಜೆ ಬಂದು ನೋಡಿದರೆ ಮೊದಲ ಐದು ನಿಮಿಷಕ್ಕೇ ನಿಂತಿತ್ತು: ಕಂಪೈಲರ್ ಹಳೆಯದಂತೆ. ಹೊಸ ಕಂಪೈಲರ್ ಹಾಕಿದರೆ ಅದಕ್ಕೆ ಬೇಕಾದ ಇನ್ನೊಂದು ಹಳೆಯದು. ಅದನ್ನೂ ಬದಲಿಸಿದಳು. ಮಂಗಳವಾರ ಎಂಟು ಗಂಟೆ ನಡೆದು, ಎಲ್ಲ ತುಂಡುಗಳನ್ನು ಜೋಡಿಸುವ ಕೊನೆಯ ಹಂತದಲ್ಲಿ ಮೆಮೊರಿ ಸಾಲದೆ ಸತ್ತಿತು. ಬುಧವಾರ ಒಂಬತ್ತರಿಂದ ಎರಡರವರೆಗೆ ಬೀದಿಯಲ್ಲಿ ಕರೆಂಟ್ ತೆಗೆಯುವ ದಿನ. ಪತ್ರಿಕೆಯಲ್ಲಿ ಹಾಕಿದ್ದರು, ಅವಳಿಗೆ ಮರೆತಿತ್ತು; ಕಂಪೈಲ್ ನಡುವೆಯೇ ಆರಿತು. ಗುರುವಾರ ಪೂರ್ತಿಯಾಯಿತು. ತೆರೆದು ಕನ್ನಡದ ಪುಟಕ್ಕೆ ಹೋದಳು. ಮೌನ. ಅವಳ ತಿದ್ದುಪಡಿ ಯಾವುದನ್ನು ಹಿಡಿದುಕೊಂಡು ನಿಂತಿತ್ತೋ ಆ ಭಾಗವನ್ನೇ ಈ ಸಲ ಕಿತ್ತು ಹಾಕಿದ್ದರು.

ಗಂಡ ಮೋಹನ್ ಊಟಕ್ಕೆ ತಟ್ಟೆ ಹಾಕುತ್ತ, ಏನಾಯಿತೆಂದು ಕೇಳಲಿಲ್ಲ. ಕೇಳುವುದನ್ನು ಅವನು ಬಿಟ್ಟು ಎರಡು ವರ್ಷವಾಗಿತ್ತು. ಅದಕ್ಕೆ ಅವಳಿಗೆ ಬೇಸರವೂ ಆಗಲಿಲ್ಲ.

ಶುಕ್ರವಾರ ಸಂಜೆ ಅಂಬತ್ತೂರಿನಲ್ಲಿ ಲೋಕಲ್ ಹತ್ತಿ ಕಿಟಕಿಯ ಪಕ್ಕ ಕೂತವಳಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ರೈಲು ಖಾಲಿ. ವಿಲ್ಲಿವಾಕ್ಕಂ ಯಾವಾಗಲೋ ದಾಟಿ ಸೆಂಟ್ರಲಿಗೆ ಬಂದು ನಿಂತಿತ್ತು. ಮೂರು ದಿನದ ಹಿಂದೆ ರಾಯರು ಕಳಿಸಿದ ಇಮೇಲಿಗೆ ಅವಳು ಉತ್ತರ ಬರೆದಿರಲಿಲ್ಲ. ಹೊಸದು ಇನ್ನೂ ಏಕೆ ಬರಲಿಲ್ಲ, ನಿಮ್ಮ ಜನರಿಗೆ ಸ್ವಲ್ಪ ಜೋರು ಮಾಡಿ ಹೇಳಿ ಎಂದಿತ್ತು ಅದರಲ್ಲಿ. ಅವಳು ಹೊರಗೆ ಬಂದು ತ್ರಿಪ್ಲಿಕೇನಿಗೆ ಆಟೋ ಹಿಡಿದಳು.

ಕೆಳಗಿನ ಮೆಸ್ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಮೇಲಿನ ಎರಡು ಕೋಣೆಗಳಲ್ಲಿ ರಾಯರ ಸಂಸಾರ. ಸೊಸೆ ವಿಮಲಾ ಬಾಗಿಲು ತೆರೆದು, ಮುಖ ನೋಡಿದ್ದೇ ಕಾಫಿಗೆ ಹಾಲಿಟ್ಟಳು. ರಾಯರು ಮಂಚದ ಮೇಲೆ ಕೂತಿದ್ದರು. ಹೆಜ್ಜೆ ಸದ್ದಿಗೇ ಗುರುತು ಹಿಡಿದರು.

ಬೃಂದಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆದರಿ ಹೋದವು. ಕಂಪೈಲರಿನಿಂದ ಶುರುಮಾಡಿ ಕರೆಂಟಿನವರೆಗೂ ಹೇಳಿ, ಕೊನೆಗೆ, "ನನ್ ಕೈಲಿ ಇನ್ ಆಗಲ್ಲ ರಾಯರೇ" ಎಂದಳು.

ರಾಯರಿಗೆ ಅರ್ಥವಾದಂತೆ ಕಾಣಲಿಲ್ಲ. ನಿಮಗೆ ಆಗದಿದ್ದರೆ ಉಳಿದವರಲ್ಲಿ ಯಾರಾದರೂ ಮಾಡಲಿ, ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ ಎಂದರು. ಯಾವ ಉಳಿದವರು ಎಂದು ಅವಳು ಕೇಳಿದಳು.

"ನಿಮ್ಮ ಇಮೇಲಿನಲ್ಲಿ ಯಾವಾಗ್ಲೂ 'ನಾವು' ಅಂತ ಬರೀತೀರಲ್ಲ. ನಾವು ಸರಿಪಡಿಸಿದ್ದೇವೆ, ನಾವು ಪರೀಕ್ಷೆ ಮಾಡಿದ್ದೇವೆ."

"ನಾನೊಬ್ಳೇ ರಾಯರೇ. ಮೊದ್ಲಿಂದಾನೂ."

ಅಡಿಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ರಾಯರು ಎರಡೂ ಅಂಗೈಗಳನ್ನು ಮಂಚದ ಮೇಲೆ ಊರಿದರು. ಮೊದಲ ಸಲ ನೀವು ಮಾಡಿದ್ದು ಗೊತ್ತಿತ್ತು, ಆಮೇಲೆ ಅದು ದೊಡ್ಡದಾಗಿ ಎಲ್ಲೋ ಒಂದು ಆಫೀಸು, ಹತ್ತು ಜನ ಇದ್ದಾರೆಂದು ತಿಳಿದಿದ್ದೆ ಎಂದರು. ಆ ಹತ್ತು ಜನರನ್ನು ಎಂಟು ವರ್ಷ ಬೈದಿದ್ದರು ಅವರು. ತಡವಾಯಿತೆಂದು, ಸ್ವರ ಗೊಗ್ಗರಾಯಿತೆಂದು, ಪುಟದ ತಲೆಬರಹ ಎರಡೆರಡು ಸಲ ಓದುತ್ತದೆಂದು.

"ಎಂತಕ್ಕೆ ಹೇಳ್ಲಿಲ್ಲ ನೀವು?" ಎಂದರು. ಸ್ವರದಲ್ಲಿ ಸಿಟ್ಟಿತ್ತು.

ಒಬ್ಬಳೇ ಎಂದರೆ ಯಾರು ನಂಬಿ ಹಾಕಿಕೊಳ್ಳುತ್ತಿದ್ದರು ಎಂದಳು ಬೃಂದಾ. ಹಾಗೆ ಹೇಳುವಾಗಲೇ ಅದು ಪೂರ್ತಿ ನಿಜವಲ್ಲವೆಂದು ಅವಳಿಗೆ ಅನ್ನಿಸಿತು. 'ನಾವು' ಎಂದು ಬರೆದಾಗ ಪಕ್ಕದಲ್ಲಿ ಯಾರೋ ಕೂತ ಹಾಗೆ ಇರುತ್ತಿತ್ತು.

ವಿಮಲಾ ಕಾಫಿ ತಂದಿಟ್ಟಳು. ರಾಯರು ತಮ್ಮ ಲೋಟ ಮುಟ್ಟಲಿಲ್ಲ. ಮೆಸ್ ಮುಚ್ಚಿದ ವರ್ಷದ ಮಾತು ತೆಗೆದರು. ಸುತ್ತಲಿನ ಮ್ಯಾನ್ಶನ್‌ಗಳ ಬಾಡಿಗೆ ಕೋಣೆಗಳಲ್ಲಿದ್ದ ಬ್ರಹ್ಮಚಾರಿಗಳು, ಪ್ರೆಸ್ಸಿನವರು ಎಲ್ಲ ತಮ್ಮನ್ನು ನಂಬಿದ್ದಾರೆಂದು, ಕಣ್ಣು ಮಂಜಾದ ಮೇಲೂ ಮೂರು ವರ್ಷ ನಡೆಸಿದ್ದರಂತೆ. ಒಂದು ದಿನ ಕುದಿಯುವ ಸಾಂಬಾರಿನ ಪಾತ್ರೆಗೆ ಕೈ ಹೋಯಿತು. ಮಾರನೆಯ ದಿನದಿಂದ ಬಾಗಿಲು ತೆರೆಯಲಿಲ್ಲ. ಒಂದು ವಾರ ಜನ ಬಂದು ವಿಚಾರಿಸಿದರು. ಆಮೇಲೆ ಪಕ್ಕದ ಬೀದಿಯಲ್ಲಿ ಉಂಡರು.

"ನಂಗೆ ತೊಂದರೆ ಆಗ್ತದೆ ಬೃಂದಮ್ಮ. ಆಗುದಿಲ್ಲ ಅಂತ ಸುಳ್ಳು ಹೇಳುದಿಲ್ಲ," ಎಂದರು. "ಆದ್ರೆ ನೀವು ನಿಲ್ಸಿ. ಕೈ ಸುಡುವವರೆಗೆ ಕಾಯ್ಬೇಡಿ."

ಕಾಫಿ ಕುಡಿದು ಮುಗಿಸುವವರೆಗೂ ಬೃಂದಾಳ ಕಣ್ಣಿಂದ ನೀರು ಇಳಿಯುತ್ತಿತ್ತು. ವಿಮಲಾ ನೋಡಿಯೂ ನೋಡದಂತೆ ಬೀನ್ಸ್ ಬಿಡಿಸುತ್ತಿದ್ದಳು.

ಆ ಶನಿವಾರ ಎಲ್ಲರಿಗೂ ಕೊನೆಯ ಮೇಲ್ ಹೋಯಿತು. ಅದರಲ್ಲಿ 'ನಾನು' ಎಂದೇ ಬರೆದಿದ್ದಳು. ನಾನೊಬ್ಬಳೇ ಇದನ್ನು ಮಾಡುತ್ತಿದ್ದೆ, ಇನ್ನು ಮಾಡಲಾರೆ, ಹಳೆಯದನ್ನು ಬಳಸುವುದು ಅಪಾಯ, ದಯವಿಟ್ಟು ಎಲ್ಲರಿಗೂ ಸಿಗುವ ಬ್ರೌಸರಿಗೆ ಹೋಗಿ; ಯಾರಾದರೂ ಮುಂದುವರಿಸುವುದಾದರೆ ಗೊತ್ತಿರುವುದನ್ನೆಲ್ಲ ಹೇಳಿಕೊಡುತ್ತೇನೆ. ನಾಲ್ಕು ಉತ್ತರ ಬಂದವು. ಎರಡರಲ್ಲಿ ಧನ್ಯವಾದ. ಮಧುರೈಯ ಹಾಸ್ಟೆಲಿನವರು ಇನ್ನಾರು ತಿಂಗಳು ನಡೆಸಲು ಸಾಧ್ಯವೇ ಎಂದು ಕೇಳಿದ್ದರು. ನಾಲ್ಕನೆಯವರು, ಹೀಗೆ ನಡುನೀರಿನಲ್ಲಿ ಕೈ ಬಿಡುವುದು ನ್ಯಾಯವೇ ಎಂದು ಬರೆದಿದ್ದರು. ಮುಂದುವರಿಸುತ್ತೇನೆಂದು ಯಾರೂ ಬರೆಯಲಿಲ್ಲ. ನಾಲ್ಕನೆಯದನ್ನು ಅವಳು ಹಲವು ಸಲ ಓದಿದಳು. ಆರು ತಿಂಗಳ ಮಾತಿಗೆ ಆಗುವುದಿಲ್ಲವೆಂದು ಉತ್ತರಿಸಿದಳು.

ಆಮೇಲೆ ಮೂರು ಭಾನುವಾರ ತ್ರಿಪ್ಲಿಕೇನಿಗೆ ಹೋಗಿ ರಾಯರಿಗೆ ಮಾಮೂಲಿ ಬ್ರೌಸರನ್ನು ಕಲಿಸಿದಳು. ಭಾಷೆ ಬದಲಾದಲ್ಲೆಲ್ಲ ಈಗ ಅವರೇ ಎರಡು ಕೀಲಿ ಒತ್ತಿ ಕನ್ನಡದ ಸ್ವರ ಆರಿಸಬೇಕು. ಒತ್ತಲು ಮರೆತರೆ ಕನ್ನಡದ ಸಾಲುಗಳು ಬಾಯಿಲ್ಲದೆ ದಾಟಿಹೋಗುತ್ತವೆ. ಎಪ್ಪತ್ತು ದಾಟಿದ ಬೆರಳುಗಳು ತಡವರಿಸಿದವು. ಎರಡನೆಯ ವಾರ ಅವರು ಕೀಬೋರ್ಡನ್ನು ದೂರ ತಳ್ಳಿ, ಇದೆಂತ ಓದುವುದಾ ಹೊಲ ಉಳುವುದಾ ಎಂದು ಗೊಣಗಿದರು. ಮೂರನೆಯ ವಾರ ಒಂದು ಸಂಪಾದಕೀಯವನ್ನು ಕೊನೆಯವರೆಗೂ ಕೇಳಿದರು. ಮೊದಲು ಹತ್ತು ನಿಮಿಷ ಹಿಡಿಯುತ್ತಿದ್ದದ್ದಕ್ಕೆ ಅರ್ಧ ಗಂಟೆ ಹಿಡಿಯಿತು.

ಮನೆಯಲ್ಲಿ ಶನಿವಾರಗಳು ಖಾಲಿಯಾದವು. ಬೃಂದಾ ಅವುಗಳಲ್ಲಿ ಹೆಚ್ಚಾಗಿ ನಿದ್ದೆ ಮಾಡಿದಳು. ಮೋಹನ್ ಒಂದು ದಿನ ಸಿನಿಮಾಕ್ಕೆ ಹೋಗೋಣವೇ ಎಂದು ಕೇಳಿದ. ಹೋದರು. ಅರ್ಧದಲ್ಲಿ ಅವಳು ಅಲ್ಲೂ ಮಲಗಿಬಿಟ್ಟಳು.

ಆಗಸ್ಟಿನ ಒಂದು ಬೆಳಿಗ್ಗೆ ರಾಯರ ಫೋನ್ ಬಂತು. ಊರಿನ ಕಡೆಯ ಒಂದು ಪುಟ, ಅವರು ದಿನಾ ಓದುವಂಥದ್ದು, ಎರಡು ಕೀಲಿ ಒತ್ತಿದರೂ ಉಸಿರೆತ್ತುತ್ತಿಲ್ಲವಂತೆ. ನಿಮಗೆ ಕೆಲಸ ಕೊಡಲು ಅಲ್ಲ, ನನ್ನದೇ ತಪ್ಪಾ ಅಂತ ತಿಳಿಯಲಿಕ್ಕೆ ಎಂದರು. ಬೃಂದಾ ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ತೆರೆದು, ಬ್ರೌಸರಿನ ಸೋರ್ಸನ್ನು ವೆಬ್ಬಿನಲ್ಲೇ ಹುಡುಕಿದಳು. ಕಾಲು ಗಂಟೆಯಲ್ಲಿ ಜಾಗ ಸಿಕ್ಕಿತು. ಎರಡೇ ಸಾಲು. ಹೇಗೆ ಬದಲಿಸಬೇಕೆಂದು ಅವಳಿಗೆ ಕಣ್ಣೆದುರೇ ಕಾಣುತ್ತಿತ್ತು. ಅವಳು ಬಹಳ ಹೊತ್ತು ಆ ಸಾಲುಗಳನ್ನು ನೋಡುತ್ತ ಕೂತಳು. ಆಮೇಲೆ ರಾಯರಿಗೆ ಫೋನ್ ಮಾಡಿದಳು.

"ನಿಮ್ ತಪ್ಪಲ್ಲ ರಾಯರೇ. ಆ ಪುಟ ಇದ್ರಲ್ಲಿ ಓದಕ್ಕಾಗಲ್ಲ."

"ಸರಿ," ಎಂದರು ರಾಯರು. "ವಿಮಲಾ ಹತ್ರ ಓದಿಸ್ಕೊಳ್ತೇನೆ."

ಫೋನ್ ಇಟ್ಟ ಮೇಲೆ ಅವಳು ಲ್ಯಾಪ್‌ಟಾಪ್ ಮುಚ್ಚಿ, ಊಟದ ಡಬ್ಬಿ ತುಂಬಿಸಿಕೊಂಡು, ಎಂಟೂ ಇಪ್ಪತ್ತರ ಲೋಕಲಿಗೆ ಹೊರಟಳು.