ಜಟ್ಟಿ ಬಿಟ್ಟ ಗ್ಲಾಸು

ಸತ್ತವರು ಸತ್ತ ಮೇಲಾದರೂ ಸುಮ್ಮನಿರಬೇಕಪ್ಪ! ಹೊನ್ನಮ್ಮನ ಗಂಡ ಜಟ್ಟಿ ಕುಡಿದು ಕುಡಿದೇ ಸತ್ತ, ಸತ್ತ ಮೇಲೂ ಬಿಡಲಿಲ್ಲ. ತೋಡೂರಿನ ಆ ಮನೆಯ ಜಗಲಿಯಲ್ಲಿ ಮಟಮಟ ಮಧ್ಯಾಹ್ನ ಅವನು ಕೆಮ್ಮುವುದು ಅವಳಿಗೆ ಕೇಳುತ್ತಿತ್ತು. ಹೋಗಿ ನೋಡಿದರೆ ಜಗಲಿ ಖಾಲಿ.

ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರುವವರನ್ನು ಓಡಿಸಿದವಳು ಈ ಹೊನ್ನಮ್ಮ. ಹಿರಿಯರ ಹಬ್ಬದ ಎಡೆಯಲ್ಲಿ ಸಾರಾಯಿ ಗ್ಲಾಸು ಇಡುವ ಪದ್ಧತಿಯನ್ನೂ ಬಿಡಿಸಿದ್ದಳು. "ಸತ್ತೋರಿಗೆ ಎಳನೀರು ಸಾಕು" ಎಂದು ಮನೆಮನೆಗೆ ಹೋಗಿ ಜಗಳವಾಡಿದ್ದಳು. ಅವಳ ಒಬ್ಬನೇ ಮಗ ಶಿವಾನಂದನೂ ಕುಡಿತ ಬಿಡಿಸುವ ಶಿಬಿರಕ್ಕೆ ಹೋಗಿ ಬಂದು ಕುಡಿತ ಬಿಟ್ಟಿದ್ದ. ಆದರೆ ಬಿಟ್ಟಂದಿನಿಂದ ಅವನಿಗೆ ಊಟ ಸೇರದು, ಕೈ ನಡುಗುವುದು ನಿಲ್ಲದು.

"ಅಣ್ಣ ಬಾಯಾರಿ ತಿರಗ್ತಾನೆ ಅತ್ತಿಗೆ," ಎಂದಳು ನಾದಿನಿ ಯಶೋದಾ. "ಅದ್ಕೇ ಅಂವ ಮಗನ್ನ ಹಿಡ್ಕಂಡದ್ದು. ಒಂದೇ ಒಂದು ಗ್ಲಾಸು ಇಡು. ಯಾರಿಗೆ ಗೊತ್ತಾಗ್ತದೆ?"

ಊರಿಗೆಲ್ಲ ಬುದ್ಧಿ ಹೇಳಿದ ಹೊನ್ನಮ್ಮ ಬಸ್ಸು ಹತ್ತಿ ಅಂಕೋಲೆಗೆ ಹೋಗಿ, ಸೆರಗಿನಲ್ಲಿ ಬಾಟ್ಲಿ ಮುಚ್ಚಿಕೊಂಡು ಬಂದಳು. ಮಾನ ಹಾಳಾಗಿ ಹೋಗಲಿ, ಮಗ ಉಳಿದರೆ ಸಾಕಾಗಿತ್ತು ಅವಳಿಗೆ.

ಹಬ್ಬದ ಮಧ್ಯಾಹ್ನ ಒಳಕೋಣೆಯಲ್ಲಿ ಬಾಳೆಲೆ ಹಾಸಿ, ಅನ್ನ, ಮೀನುಸಾರು, ವಡೆ ಬಡಿಸಿ, ಪಕ್ಕದಲ್ಲಿ ಗ್ಲಾಸು ಇಟ್ಟು ಬಾಗಿಲು ಮುಂದೆ ಮಾಡಿದಳು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಅವಳು, ಮಗ, ನಾದಿನಿ ಮೂವರೂ ಹೊರಗೆ ಕೂತರು. ಒಳಗೆ ಯಾರೋ ಕೆಮ್ಮಿದರು. ಈ ಸಲ ಯಶೋದಾ ಕೂಡ ಬೆಚ್ಚಿ ಬಾಗಿಲ ಕಡೆ ನೋಡಿದಳು.

ಬಾಗಿಲು ತೆಗೆದರೆ ಎಲೆ ಹಾಗೇ ಇತ್ತು, ಗ್ಲಾಸೂ ತುಂಬಿದ ಹಾಗೇ ಇತ್ತು. ಶಿವಾನಂದ ಹೋಗಿ ಎಲೆಯ ಮುಂದೆ ಕೂತ. ಹಿರಿಯರು ಬಿಟ್ಟ ಎಲೆಗೆ ಮಗನೇ ಕೂರಬೇಕು, ಎಡೆಗಿಟ್ಟದ್ದನ್ನು ಬಿಡಬಾರದು, ಚೆಲ್ಲಬಾರದು. ಎಳನೀರಿಟ್ಟ ವರ್ಷಗಳಲ್ಲಿ ಹೊನ್ನಮ್ಮನಿಗೆ ಅದರ ಯೋಚನೆಯೇ ಬಂದಿರಲಿಲ್ಲ. ಅಯ್ಯೋ ದೇವರೇ, ಗಂಡನ ಬಾಯಾರಿಕೆ ನೋಡಲು ಹೋಗಿ ಇಷ್ಟು ದೊಡ್ಡ ಸಂಗತಿಯನ್ನೇ ಮರೆತಿದ್ದಳು!

"ಅಪ್ಪ ಬಿಟ್ಟದ್ದು," ಎಂದ ಶಿವಾನಂದ. "ಬ್ಯಾಡ ಅನ್ನೂಕೆ ಆಗೂದಿಲ್ಲ ಅಲ್ಲಾ, ಅವ್ವಾ?"

ಗ್ಲಾಸಿನ ಕಡೆ ಚಾಚಿದ ಅವನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಹೊನ್ನಮ್ಮ ಹಾರಿ ಗ್ಲಾಸು ಕಸಿದುಕೊಂಡಳು.

"ಚೆಲ್ಲಬ್ಯಾಡ ಅತ್ತಿಗೆ, ಮನಿಗೆ ಕೇಡು!" ಎಂದು ಯಶೋದಾ ಕೂಗಿದಳು.

ಹೊನ್ನಮ್ಮ ಚೆಲ್ಲಲಿಲ್ಲ. ಹುಟ್ಟಿದಾರಭ್ಯ ಮುಟ್ಟದ್ದನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟಳು. ಗಂಟಲು ಉರಿಯಿತು, ಕಣ್ಣಲ್ಲಿ ನೀರು ಬಂತು. ಮಗ ಉಳಿದ, ಸದ್ಯ ಉಳಿದ ಎಂದುಕೊಳ್ಳುತ್ತ ಅವನ ತಲೆ ಸವರಲು ಬಗ್ಗಿದಳು.

"ಉಣ್ಣು, ಮಗಾ."

ಅವಳ ಬಾಯಿಯ ವಾಸನೆ ಬಡಿದದ್ದೇ ಶಿವಾನಂದ ಗೋಡೆಯವರೆಗೆ ಹಿಂದೆ ಸರಿದ. ಮೊಣಕೈಗಳನ್ನು ಮುಖಕ್ಕೆ ಅಡ್ಡ ಹಿಡಿದು ಮುದುಡಿ ಕೂತ.

"ಹೊಡೀಬ್ಯಾಡ ಅಪ್ಪಾ," ಎಂದ.