ತಟ್ಟೆಯ ಬೆನ್ನಿಗಂಟಿದ ಕಾಗದ

ನಮ್ಮತ್ತೆ ಕಣ್ಣು ಮುಚ್ಚುವುದರೊಳಗೆ ಆ ತಟ್ಟೆ ಬೆಳ್ಳಗಾಗಬೇಕು ಅಂತ ಹಟ ಹಿಡಿದವಳು ನಾನು. ಅವರೇನೂ ಕೇಳಿರಲಿಲ್ಲ. ಇಪ್ಪತ್ತೆರಡು ವರ್ಷ "ನೋಡು, ನೀನು ಮಾಡಿದ ಕಲೆ" ಅಂತ ಅನ್ನಿಸಿಕೊಂಡಿದ್ದೆನಲ್ಲ, ಒಂದೇ ಒಂದು ಸಲ "ಹೋಯ್ತು ಬಿಡೇ" ಅಂತ ಅವರ ಬಾಯಲ್ಲಿ ಕೇಳಬೇಕಿತ್ತು. ಡಾಕ್ಟರು ಹೆಚ್ಚೆಂದರೆ ಇನ್ನೊಂದು ವಾರ ಅಂದಿದ್ದರು.

ತಟ್ಟೆ ಅವರ ತವರಿನದು. ನೀಲಿ ಬಳ್ಳಿಯ ಅಂಚಿನ ಹಳೇ ಪಿಂಗಾಣಿ, ಆರು ತಟ್ಟೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ನಟ್ಟನಡುವೆ ಅಡ್ಡಕ್ಕೆ ಒಂದು ಕಂದು ಗೆರೆ. ನಾನು ಮದುವೆಯಾಗಿ ಬಂದ ಮೊದಲ ತಿಂಗಳು ಟೀ ಸೋಸಿದ ಚರಟವನ್ನು ಅದರ ಮೇಲೆ ಸುರಿದು ಹಾಗೇ ಬಿಟ್ಟಿದ್ದೆನಂತೆ. ನನಗೆ ನೆನಪಿಲ್ಲ. ಹೊಸ ಮನೆ, ಹೊಸ ಹೆದರಿಕೆ, ಬಿಟ್ಟಿದ್ದರೂ ಬಿಟ್ಟಿರಬಹುದು ಅಂತ ನಾನೂ ನಂಬಿಬಿಟ್ಟೆ. ಆಮೇಲೆ ಅತ್ತೆ ಅದನ್ನು ಗಾಜಿನ ಬೀರುವಿನಲ್ಲಿ ನಿಲ್ಲಿಸಿದರು. ಒಣಬಟ್ಟೆಯಲ್ಲಿ ಅವರೇ ಒರೆಸುವರು, ನೀರು ಸೋಕಿಸಲು ಬಿಡರು. ಮನೆಗೆ ಬಂದವರಿಗೆಲ್ಲ ಮೊದಲು ತಟ್ಟೆ ತೋರಿಸಿ, ಆಮೇಲೆ ನನ್ನನ್ನು ತೋರಿಸುವರು.

ನಮ್ಮನೆಯವರು ಬೈಂಡಿಂಗ್ ಕೆಲಸದವರು, ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಸಂಜೆ ಅಂಗಡಿಯಿಂದ ಬಂದರೆ ಮೈಯೆಲ್ಲ ಅಂಟಿನ ವಾಸನೆ. ಚರ್ಮ ಬೇಯಿಸಿ ಮಾಡುವ ಅಂಟದು, ಮೂಗು ಮುಚ್ಚಿಕೊಳ್ಳಬೇಕು. ತಟ್ಟೆಯ ಮಾತು ಬಂದು ನಾನು ಕಣ್ಣೀರು ಹಾಕಿದರೆ, "ಅಮ್ಮನ ಮಾತು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೇ" ಅನ್ನುವರು. ಸಮಾಧಾನ ಮಾಡುವುದರಲ್ಲಿ ಮಾತ್ರ ಅವರದು ಎತ್ತಿದ ಕೈ. ಅವರು ಹೋಗಿ ಮೂರು ವರ್ಷವಾಯಿತು.

ಮೊದಲು ಅಡುಗೆ ಸೋಡಾವನ್ನು ಗಟ್ಟಿಯಾಗಿ ಕಲಸಿ ಬೆರಳಲ್ಲಿ ತಿಕ್ಕಿದೆ. ಮೇಲಿನ ಕೊಳೆ ಹೋಯಿತು, ಗೆರೆ ಜಪ್ಪಯ್ಯ ಅನ್ನಲಿಲ್ಲ. ಬ್ಲೀಚ್ ಹಾಕಿದರೆ ಹೊಳಪೇ ಹಾಳಾಗುತ್ತೆ ಅಂತ ಔಷಧಿ ಅಂಗಡಿಯವರು ಬೈದು, ಗಾಯ ತೊಳೆಯುವ ಪೆರಾಕ್ಸೈಡ್ ಕೊಟ್ಟರು. ಅದರಲ್ಲಿ ಮುಳುಗಿಸಿ, ಬೆಳಕು ಬೀಳದಂತೆ ಮುಚ್ಚಿ, ಬೆಚ್ಚಗೆ ಎರಡು ಮೂರು ದಿನ ಬಿಡಬೇಕಂತೆ. ತಟ್ಟೆಯ ಬೆನ್ನಿಗೆ ಉದ್ದಕ್ಕೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿತ್ತು. ಮಾರಿದ ಅಂಗಡಿಯವರ ಚೀಟಿ ಇರಬೇಕು ಅಂತ ಕೀಳಲಿಲ್ಲ. ತಟ್ಟೆ ಮುಳುಗಿಸಿದ ಟಬ್ಬನ್ನು ಬಿಸಿನೀರಿನ ಪಾತ್ರೆಯೊಳಗೆ ಕೂರಿಸಿ, ಆರಿದಾಗಲೆಲ್ಲ ನೀರು ಬದಲಾಯಿಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡೆ.

ಮೂರನೇ ದಿನ ಬೆಳಿಗ್ಗೆ ಮುಚ್ಚಳ ತೆಗೆದರೆ, ಆ ಕಂದು ಗೆರೆಗೆ ಸರಿಯಾಗಿ ತಟ್ಟೆ ಎರಡು ಹೋಳು.

ಕಾಗದ ಬಿಟ್ಟುಕೊಂಡು ತೇಲುತ್ತಿತ್ತು. ಎತ್ತಿ ತಿರುವಿದೆ. ಒಳಮೈಯಲ್ಲಿ ಕೆಂಪು, ಬೂದು ಅಲೆಗಳ ಚಿತ್ತಾರ. ರಟ್ಟಿನ ಒಳಬದಿಗೆ ಹಾಕುವ ಕಾಗದ, ನಮ್ಮನೆಯವರ ಅಂಗಡಿಯದೇ. ಒಡೆದ ಅಂಚನ್ನು ಮೂಸಿ ನೋಡಿದೆ, ಅದೇ ಅಂಟು. ಚರಟವೂ ಇಲ್ಲ, ಮಣ್ಣೂ ಇಲ್ಲ. ತಾವೇ ಒಡೆದು, ಅಂಟಿಸಿ ಇಟ್ಟು, ನಾನು ಬೈಸಿಕೊಳ್ಳುವುದನ್ನು ಕೇಳುತ್ತ ಹತ್ತೊಂಬತ್ತು ವರ್ಷ ಊಟ ಮಾಡಿದ್ದಾರೆ, ಪುಣ್ಯಾತ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನಾನು. ಸಿಟ್ಟು ನೆತ್ತಿಗೇರಿತು. ಸತ್ತವರ ಜೊತೆ ಜಗಳಕ್ಕೆ ನಿಲ್ಲೋಕಾಗುತ್ತಾ?

ಅತ್ತೆಗೆ ಹೇಳಿಯೇ ಬಿಡುತ್ತೇನೆ ಅಂತ ಹೋಳುಗಳನ್ನು ಟವೆಲಿನಲ್ಲಿ ಹಿಡಿದು ಹೋದೆ. "ಒಡೆದಿದ್ದು ನಿಮ್ಮ ಮಗ" ಅನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಅವರು ಮಂಚದಲ್ಲಿ ಒಂದು ಹಿಡಿಯಾಗಿ ಮಲಗಿದ್ದರು. ದಿಂಬಿನ ಪಕ್ಕ ಮಗನ ಫೋಟೊ. ಹೆತ್ತವರಿಗೆ ಹೆಗ್ಗಣ ಮುದ್ದು. ಈಗ ಹೋಗುವ ಹೊತ್ತಿನಲ್ಲಿ ಆ ಮಗನನ್ನೂ ಕಿತ್ತುಕೊಂಡು ನಾನೇನು ಗಂಟು ಕಟ್ಟಿಕೊಳ್ಳಲಿ?

"ತಟ್ಟೆ ಒಡೆದುಹಾಕ್ದೆ ಅತ್ತೆ," ಅಂದೆ. "ಕೈ ಜಾರ್ತು."

ಒಂದು ಹೋಳು ಇಸಿದುಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. "ನೀರಿಗೆ ಹಾಕಿದ್ಯಾ?"

"ಹೂಂ."

"ಅವನು ಅಂಟಿಸಿದ್ದು ಬಿಟ್ಕೊಂಡಿದೆ."

ನಾನು ಮಂಚದ ತುದಿಗೆ ಕೂತುಬಿಟ್ಟೆ. "ನಿಮಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಾಯ್ತು. ಮನೆಯೆಲ್ಲ ಅಂಟು ನಾರ್ತಿತ್ತಲ್ಲ. ಅವನು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಮ್ಮಮ್ಮ ಉಣ್ತಿದ್ದ ತಟ್ಟೆ, ಹೊಟ್ಟೆ ಉರೀತಿತ್ತು. ಅವನನ್ನ ಬೈಯೋಕೆ ಬಾಯಿ ಬರ್ಲಿಲ್ಲ. ಯಾರನ್ನಾದ್ರೂ ಬೈಬೇಕಿತ್ತು. ನೀನಿದ್ದೆ."

"ಅದಕ್ಕೆ ಇಪ್ಪತ್ತೆರಡು ವರ್ಷಾನಾ ಅತ್ತೆ?"

"ಅಭ್ಯಾಸ ಆಗೋಯ್ತು ಕಣೇ," ಅಂದರು. ನನ್ನ ಕೈ ಹಿಡಿದುಕೊಂಡು, "ಅಂಟಿಸಿಬಿಡು" ಅಂದರು.

ಬೈಯಬೇಕಿತ್ತು ನಾನು. ಅಷ್ಟು ವರ್ಷದ ಬಾಕಿ ಇತ್ತು. ಆದರೆ ಆ ಕೈಯಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ.

ಅಟ್ಟದ ಪೆಟ್ಟಿಗೆಯಲ್ಲಿ ನಮ್ಮನೆಯವರ ಅಂಟಿನ ಡಬ್ಬಿ ಸಿಕ್ಕಿತು, ಒಣಗಿ ಚಕ್ಕೆಯಾಗಿತ್ತು. ನೀರಲ್ಲಿ ನೆನೆಹಾಕಿ, ಅವರು ಮಾಡುತ್ತಿದ್ದ ಹಾಗೆಯೇ ಮಧ್ಯಾಹ್ನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕಾಯಿಸಿದೆ. ಅಡುಗೆಮನೆ ತುಂಬ ಆ ವಾಸನೆ ಎದ್ದಿತು. ಮೂರು ವರ್ಷದಿಂದ ಅವರ ಅಂಗಿಗಳಲ್ಲಿ ಮುಖ ಹುದುಗಿಸಿ ಹುಡುಕಿದ್ದು ಇದನ್ನೇ, ಒಗೆದ ಬಟ್ಟೆಯಲ್ಲಿ ಎಲ್ಲಿಂದ ಸಿಗಬೇಕು? ಕಳ್ಳ, ಮೋಸಗಾರ ಅಂತ ಬಾಯಿಗೆ ಬಂದಿದ್ದೆಲ್ಲ ಬೈದೆ. ಬೈಯುತ್ತಲೇ ಬಿಕ್ಕಿ ಬಿಕ್ಕಿ ಅಳು ಬಂತು. ಒಂದು ಸಲ ಬಂದು ಇನ್ನೊಂದು ತಟ್ಟೆ ಒಡೆದು ಹೋಗಬಾರದಾ ಅನ್ನಿಸಿತು.

ಹೋಳುಗಳನ್ನು ಜೋಡಿಸಿ ಎರಡೂ ಕೈಯಲ್ಲಿ ಅದುಮಿ ಹಿಡಿದೆ. ಅಂಟು ಹಿಡಿಯುವವರೆಗೆ ಬಿಡುವ ಹಾಗಿಲ್ಲ. ಆಗ ಕೋಣೆಯಿಂದ ಅತ್ತೆಯ ದನಿ ಬಂತು, ನಿದ್ದೆಗಣ್ಣಿನ ದನಿ.

"ಬಂದ್ಯೇನೋ ಮಗಾ?"

ಕಣ್ಣೊರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ನಿಂತಲ್ಲಿಂದಲೇ ಹೇಳಿದೆ.

"ಬಂದಿದಾರೆ ಅತ್ತೆ. ಕೈ ತೊಳ್ಕೋತಿದಾರೆ."