ಮುಳ್ಳು ಚುಚ್ಚಿದ್ದನ್ನು ಡಾಕ್ಟರಿಗೆ ಹೇಳಿದಿರಾ?

ಕಮಲಾಕ್ಷಿಯ ಬಲಗೈ ತೋರುಬೆರಳಿನ ಮೇಲೊಂದು ಗುಳ್ಳೆ ಎದ್ದು ತಿಂಗಳುಗಳೇ ಆಗಿದ್ದವು. ಅದೊಂದೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದರ ಹಿಂದೆ ಇನ್ನೊಂದು, ಮತ್ತೊಂದು ಅಂತ ಗಂಟುಗಳು ಸಾಲಾಗಿ ಮುಂಗೈ ಹತ್ತಿ ಮೊಣಕೈ ಕಡೆಗೆ ಹೊರಟಿದ್ದವು. ನೋವು ಅಷ್ಟಿಲ್ಲ, ಜ್ವರವಿಲ್ಲ. ಆದರೆ ಕತ್ತರಿ ಹಿಡಿಯಲಾಗುತ್ತಿಲ್ಲ. ಗಂಡನ ವರ್ಗಾವಣೆಯ ಜೊತೆ ಊರೂರು ಸುತ್ತುವ ಆಕೆಗೆ ತನ್ನದು ಅಂತ ಇದ್ದದ್ದು ಹೊಲಿಗೆ ಕೆಲಸ ಒಂದೇ. ವಿಜಯವಾಡದ ಪಟಮಟ ಬಡಾವಣೆಯ ಬಾಡಿಗೆ ಮನೆಯಲ್ಲಿ ಮಷಿನ್ನು ಈಗ ಹಳೇ ಬೆಡ್‌ಶೀಟ್ ಹೊದ್ದು ಮೂಲೆ ಸೇರಿತ್ತು.

ಗಂಡ ಧನಂಜಯ ಬ್ಯಾಂಕ್ ಆಫೀಸರ್. ವಿಶಾಖಪಟ್ಟಣದ ಗಾಜುವಾಕದಿಂದ ವಿಜಯವಾಡಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತೆಲುಗು ಚೆನ್ನಾಗಿ ಬರುತ್ತದೆಂಬ ಜಂಬ ಅವನಿಗೆ ಸ್ವಲ್ಪ ಜಾಸ್ತಿಯೇ. ಡಾಕ್ಟರ ಹತ್ತಿರ ಹೋದಾಗಲೆಲ್ಲ ಕೈ ಹೆಂಡತಿಯದು, ಬಾಯಿ ಅವನದು. ಸಣ್ಣ ಗಾಯ, ಶುಗರ್ ಇಲ್ಲ, ಬಿಪಿ ಇಲ್ಲ ಎಂದು ಎರಡೇ ಮಾತಿಗೆ ಮುಗಿಸುತ್ತಿದ್ದ. ಆಕೆ ಏನಾದರೂ ಸೇರಿಸಲು ಹೋದರೆ, "ಅದೆಲ್ಲ ಅವರಿಗೆ ಬೇಡ, ಸುಮ್ನಿರು ಕಮಲಾ" ಎನ್ನುತ್ತಿದ್ದ.

ಮೊದಲು ಮೆಡಿಕಲ್ ಶಾಪಿನವನು ಕೊಟ್ಟ ಮುಲಾಮು ಹಚ್ಚಿದ್ದಾಯಿತು. ನಾಲ್ಕು ದಿನ ಕೆಂಪು ಇಳಿದಂತೆ ಕಂಡು ಆಮೇಲೆ ಗಂಟು ಹೆಚ್ಚಾದವು. ಒಬ್ಬ ಡಾಕ್ಟರು ಆ್ಯಂಟಿಬಯೋಟಿಕ್ ಕೊಟ್ಟರು, ಬಗ್ಗಲಿಲ್ಲ. ಇನ್ನೊಬ್ಬರು, "ಚರ್ಮದ ಟಿಬಿ ಇರಬಹುದು, ಮಾತ್ರೆ ಶುರುಮಾಡಿ ನೋಡೋಣ" ಅಂದರು. ಕಮಲಾಕ್ಷಿ ಹೆದರಿ, ಮಾತ್ರೆ ತರಿಸದೆ ಚೀಟಿಯನ್ನು ಹಾಗೇ ಎತ್ತಿಟ್ಟಳು.

ಆ ವಾರವೇ ಕನಕದುರ್ಗಮ್ಮನ ದರ್ಶನಕ್ಕೆಂದು ಚಂದ್ರಮ್ಮ ಬಂದಳು. ಗಾಜುವಾಕದಲ್ಲಿ ಪಕ್ಕದ ಮನೆಯವಳು, ಧಾರವಾಡ ಕಡೆಯವಳು. ಗಂಡ ಹೊನ್ನಪ್ಪ ನೌಕಾಪಡೆಯಲ್ಲಿ. ಆಕೆ ವಿಶಾಖಪಟ್ಟಣದ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ನರ್ಸು. ಕಮಲಾಕ್ಷಿ ಕಾಫಿ ಲೋಟ ಕೊಡುವಾಗಲೇ ಅವಳ ಕಣ್ಣು ಆ ಕೈ ಮೇಲೆ ಬಿತ್ತು.

"ಏನ್ರೀ ಕಮಲಾಕ್ಷಿ, ಕೈಗೆ ಏನಾಗೇತಿ? ಇಲ್ಲೆ ತೋರಸ್ರಿ. ಗಂಟು ಹಿಂಗ ಸಾಲಾಗಿ ಮ್ಯಾಲೆ ಹೊಂಟಾವಲ್ಲ! ಮೊದಲು ಆ ಬೆರಳಿಗೆ ಏನರ ಚುಚ್ಚಿತ್ತೇನು?"

"ಮುಳ್ಳು ಚುಚ್ಚಿತ್ತು ಕಣ್ರೀ. ಸಿಂಹಾಚಲಂ ಬೆಟ್ಟದ ಕೆಳಗಿಂದ ತಂದಿದ್ನಲ್ಲ ಗುಲಾಬಿ, ಅದು. ಇಲ್ಲಿಗೆ ಮನೆ ಸಾಗಿಸೋವಾಗ ಲಾರೀಲಿ ಕುಂಡಕ್ಕೆ ಜಾಗ ಇಲ್ಲ ಅಂದ್ರು ಇವರು. ಗಿಡ ಕಿತ್ತು ಒದ್ದೆ ಗೋಣೀಲಿ ಸುತ್ತೋವಾಗ ಚುಚ್ಚಿತು."

"ಡಾಕ್ಟರಿಗೆ ಹೇಳೀರೇನು?"

ಕಮಲಾಕ್ಷಿ ಗಂಡನ ಮುಖ ನೋಡಿದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

"ಇದು ಫಂಗಸ್ ಇರಬಹುದ್ರೀ" ಅಂದಳು ಚಂದ್ರಮ್ಮ.

ಈಗ ಪೇಪರು ಕೆಳಗಿಳಿಯಿತು. "ಫಂಗಸ್ಸಾ? ಅದು ಶುಗರ್ ಇದ್ದೋರಿಗೆ ಅಲ್ವೇನ್ರೀ? ಕೊರೊನಾ ಟೈಮಲ್ಲಿ ನೋಡಿದ್ವಲ್ಲ. ಇವಳು ಗುಂಡುಕಲ್ಲಿನ ಹಾಗಿದಾಳೆ."

"ಅದು ಬ್ಯಾರೆ, ಇದು ಬ್ಯಾರೆ ಅಣ್ಣಾರ. ಮಣ್ಣಾಗ, ಮುಳ್ಳಿನಾಗ, ಕೊಳತ ಕಟಗಿಯಾಗ ಇರೂ ಫಂಗಸ್ ಚರ್ಮದ ಒಳಗ ಹೊಕ್ಕರ ಗಟ್ಟಿಮುಟ್ಟ ಇದ್ದವರನ್ನೂ ಬಿಡೂದಿಲ್ಲ. ಹಂಗಂತ ಇದು ಅದೇ ಅಂತ ನಾ ಹೇಳಾಕ ಬರೂದಿಲ್ಲ. ಟಿಬಿನೂ ಹಿಂಗ ಕಾಣಸ್ತೈತಿ. ಟೆಸ್ಟ್ ಮಾಡಸ್ರಿ, ಆಮೇಲೆ ಔಷಧ."

ಮರುದಿನ ಚರ್ಮರೋಗ ತಜ್ಞ ಡಾಕ್ಟರ್ ಫಣೀಂದ್ರ ಅವರ ಮುಂದೆ ಮತ್ತದೇ ಆಟ. ಡಾಕ್ಟರು ಕೈ ತಿರುಗಿಸಿ ನೋಡಿ, "ಏದೈನಾ ಗುಚ್ಚುಕುಂದಾ?" ಎಂದು ಕೇಳಿದರು. ಏನಾದರೂ ಚುಚ್ಚಿತ್ತೇ ಅಂತ.

"ಏಮೀ ಲೇದಂಡಿ" ಎಂದ ಧನಂಜಯ. ಅಭ್ಯಾಸಬಲ, ಇಲ್ಲ ಅಂದುಬಿಟ್ಟ.

ಅಷ್ಟು ತೆಲುಗು ಕಮಲಾಕ್ಷಿಗೂ ಗೊತ್ತಿತ್ತು. ಎಷ್ಟು ದಿನ ನುಂಗಿಕೊಂಡಿದ್ದಳೋ, ಕುರ್ಚಿಯಿಂದ ಎದ್ದೇ ಹೇಳಿದಳು. "ಉಂದಿ ಸಾರ್! ಗುಲಾಬಿ ಮುಲ್ಲು! ಇಕ್ಕಡ!" ಇದೆ, ಗುಲಾಬಿ ಮುಳ್ಳು, ಇಲ್ಲೇ ಅಂತ ಬೆರಳು ಮುಂದೆ ಹಿಡಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಪ್ರಶ್ನೆಗಳೆಲ್ಲ ಆಕೆಗೇ. ಯಾವ ಗಿಡ, ಯಾವ ಊರು, ಯಾವ ಮುಲಾಮು? ಆಕೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳುತ್ತಾ ಹೋದಳು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಗಂಟಿನಿಂದ ಎರಡು ಚೂರು ತೆಗೆದರು. ಒಂದನ್ನು ಕೆಡದಂತೆ ಇಡುವ ಫಾರ್ಮಲಿನ್ನಿಗೆ, ಇನ್ನೊಂದನ್ನು ಸಲೈನ್ ಉಪ್ಪುನೀರಿಗೆ ಹಾಕಿದರು.

"ಎರಡು ಯಾಕೆ?" ಧನಂಜಯ ಕೇಳಿದ.

"ಒಂದು ಮೈಕ್ರೋಸ್ಕೋಪಿನಲ್ಲಿ ನೋಡಲು, ಇನ್ನೊಂದು ಬೆಳೆಸಿ ನೋಡಲು. ಫಾರ್ಮಲಿನ್ನಿಗೆ ಹಾಕಿದರೆ ಫಂಗಸ್ ಸತ್ತುಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಟಿಬಿಯನ್ನೂ ಈ ಚೂರುಗಳಲ್ಲೇ ನೋಡುತ್ತೇವೆ. ಬೆಳೆಯಲು ವಾರಗಳು ಬೇಕು, ಅವಸರ ಮಾಡಬೇಡಿ" ಎಂದರು ಡಾಕ್ಟರು.

ವರದಿ ಬಂತು. ಟಿಬಿಯ ಸುಳಿವಿರಲಿಲ್ಲ. ಮಣ್ಣಿನಲ್ಲಿ, ಗಿಡಗಳ ಮೇಲೆ ಬದುಕುವ ಒಂದು ಫಂಗಸ್ ಬೆಳೆದಿತ್ತು. ಮಾತ್ರೆಯಿಂದ ವಾಸಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ನುಂಗಬೇಕು ಎಂದರು ಡಾಕ್ಟರು. ಮನೆಗೆ ಬರುವ ದಾರಿಯಲ್ಲಿ ಧನಂಜಯ ಮಾತ್ರೆ ಕೊಂಡು ಆಕೆಯ ಕೈಗಿಟ್ಟ.

"ಮೊದಲನೇ ದಿನವೇ ನಾನು ಮುಳ್ಳಿನ ವಿಷಯ ಹೇಳಿದ್ರೆ ನಿನಗಿಷ್ಟು ಕಷ್ಟ ಬರ್ತಿರಲಿಲ್ಲ" ಎಂದ.

"ನೀವು ಹೇಳೋದಲ್ಲ, ನನ್ನ ಹೇಳೋಕೆ ಬಿಟ್ಟಿದ್ರೆ ಸಾಕಿತ್ತು" ಎಂದಳು ಕಮಲಾಕ್ಷಿ. ಸಿಟ್ಟಿತ್ತು, ಮುಚ್ಚಿಡಲಿಲ್ಲ.

ಗಂಟುಗಳು ಒಂದೊಂದಾಗಿ ಕರಗಿದವು. ಕೈ ಸ್ವಚ್ಛವಾದ ಮೇಲೂ ಡಾಕ್ಟರು ಸಾಕು ಅನ್ನುವವರೆಗೆ ಆಕೆ ಮಾತ್ರೆ ಬಿಡಲಿಲ್ಲ. ಕೊನೆಯ ಸಲ ತೋರಿಸಲು ಹೋದಾಗ ಧನಂಜಯ ಬಾಗಿಲವರೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತ. "ನೀನೇ ಹೇಳು, ಬೇಕಾದ್ರೆ ಕರಿ" ಎಂದ. ಆಕೆ ಕರೆಯಲಿಲ್ಲ. ಆ ಸಂಜೆ ಮಷಿನ್ನಿನ ಮೇಲಿನ ಬೆಡ್‌ಶೀಟ್ ತೆಗೆದು ಮಡಚಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಾರಗಟ್ಟಲೆ ಮಾಯದ ಗಾಯವೋ ಗಂಟೋ ಇದೆಯೇ? ಶುಗರ್ ಇಲ್ಲ, ಆರೋಗ್ಯವಾಗಿದ್ದೇವೆ ಅಂತ ಸುಮ್ಮನಿರಬೇಡಿ. ಅಂಗಡಿ ಮುಲಾಮು ಹಚ್ಚಿ ಕಾಲ ಕಳೆಯಬೇಡಿ. ಮುಳ್ಳು, ಮಣ್ಣು, ಕಟ್ಟಿಗೆ, ಮೊದಲಿದ್ದ ಊರು, ಎಲ್ಲವನ್ನೂ ಡಾಕ್ಟರಿಗೆ ಹೇಳಿ. "ಫಂಗಸ್ ಟೆಸ್ಟ್ ಬೇಕಾ ಸಾರ್?" ಎಂದು ಕೇಳಲು ನಾಚಿಕೆ ಬೇಡ. ಭಾಷೆ ಬಾರದವರ ಜೊತೆ ಹೋದವರು ಅವರ ಮಾತನ್ನು ಪೂರ್ತಿ ಮುಟ್ಟಿಸಿ. ಗುಲಾಬಿ ನೆಡಿ, ಮುಡಿಯಿರಿ. ಗಿಡ ಮುಟ್ಟುವಾಗ ಕೈಗೊಂದು ಗವಸು ಇರಲಿ.